ಎರಡನೇ ಟೈಟಾನಿಕ್‌ನಲ್ಲಿ ಧರ್ಮಗುರುವಿಗೇನು ಕೆಲಸ?

ಆಸ್ಟ್ರೇಲಿಯಾದ ಗಣಿ ಉದ್ಯಮಿ ಕ್ಲೈವ್ ಪಾಮರ್ ಎಂಬವರು ಟೈಟಾನಿಕ್ ಹಡಗಿನ ಪ್ರತಿಕೃತಿಯೊಂದನ್ನು ಕಟ್ಟಿಸುವುದಾಗಿ 2012ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಘೋಷಿಸಿದರು. 2018ರಲ್ಲಿ ಅದೇ ಮಾತನ್ನು ಮತ್ತೊಮ್ಮೆ ಆಡಿದರು. 2024ರ ಮಾರ್ಚ್‌ನಲ್ಲಿ ಸಿಡ್ನಿ ನಗರದಲ್ಲಿ ಮಗದೊಮ್ಮೆ ಸಾರಿದರು. ಅದೇ ಮಹಾ ಮೆಟ್ಟಿಲು, ಅದೇ ಭೋಜನಶಾಲೆ, ಅದೇ ಮೂರು ದರ್ಜೆಗಳು. ಪ್ರಯಾಣಿಕರು ಆ ಕಾಲದ ಉಡುಪು ತೊಟ್ಟು ಆ ಕಾಲದ ಊಟ ಮಾಡಬಹುದು. ಮೂರನೆಯ ದರ್ಜೆಯವರು ಉದ್ದನೆಯ ಮೇಜಿನ ಸುತ್ತ ಒಟ್ಟಾಗಿ ಕುಳಿತು ಉಣ್ಣಬಹುದು. ಈ ಬಾರಿ ಎಲ್ಲರಿಗೂ ಸಾಕಾಗುವಷ್ಟು ಜೀವರಕ್ಷಕ ದೋಣಿಗಳಿರುತ್ತವೆ ಎಂಬುದೊಂದೇ ದೊಡ್ಡ ವ್ಯತ್ಯಾಸ.

ಆ ಹಡಗು ತೇಲುವುದೋ ಇಲ್ಲವೋ ಅಲ್ಲಾಹನೇ ಬಲ್ಲ. ಆದರೆ ಅದರ ಯೋಜನೆಯನ್ನು ಓದುವಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡಿತು. 1912ರ ಟೈಟಾನಿಕ್‌ನಲ್ಲಿ ಹಲವು ಕ್ರೈಸ್ತ ಧರ್ಮಗುರುಗಳಿದ್ದರು. ಪ್ರತಿಕೃತಿಯನ್ನು ಪೂರ್ಣಗೊಳಿಸಬೇಕಾದರೆ ಅವರೂ ಇರಬೇಕಲ್ಲವೇ? ಭಾನುವಾರದ ಪ್ರಾರ್ಥನೆ, ಹಳೆಯ ಕಾಲದ ನಿಲುವಂಗಿ, ಸಂಜೆಯ ಭಕ್ತಿಗೀತೆ ಎಲ್ಲವೂ ಪ್ರವಾಸಿಗರಿಗೆ ಹಿಡಿಸುತ್ತವೆ. ದುರಂತಕ್ಕೆ ನೂರು ವರ್ಷ ತುಂಬಿದಾಗ, 2012ರ ಏಪ್ರಿಲ್‌ನಲ್ಲಿ, ‘ಬಾಲ್ಮೊರಲ್’ ಎಂಬ ಹಡಗು ಅದೇ ದಾರಿಯಲ್ಲಿ ಸಾಗಿ, ಟೈಟಾನಿಕ್ ಮುಳುಗಿದ ಸ್ಥಳದಲ್ಲಿ ನಿಂತು, ಹೂವಿನ ಹಾರಗಳನ್ನು ನೀರಿಗೆ ಬಿಟ್ಟು ಪ್ರಾರ್ಥನೆ ಸಲ್ಲಿಸಿತ್ತು. ಅಗಲಿದವರನ್ನು ನೆನೆಯುವುದು ತಪ್ಪಲ್ಲ. ಆದರೆ ಮತ್ತೆ ಕಟ್ಟುವ ಹಡಗಿನಲ್ಲಿ ಧರ್ಮಗುರುವನ್ನು ಯಾವ ಸ್ಥಾನದಲ್ಲಿ ಕೂರಿಸುತ್ತಾರೆ? ಅವನು ಸೇವಕನೋ, ಅಲಂಕಾರವೋ?

ಉತ್ತರಕ್ಕಾಗಿ ಮೊದಲು ಆ ರಾತ್ರಿಯನ್ನು ನೋಡಬೇಕು.

ಟೈಟಾನಿಕ್ 1912ರ ಏಪ್ರಿಲ್ 10ರಂದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಟಿತು. ಏಪ್ರಿಲ್ 14 ಭಾನುವಾರವಾಗಿತ್ತು. ಅಂದು ಬೆಳಿಗ್ಗೆ ಪ್ರಥಮ ದರ್ಜೆಯ ಭೋಜನಶಾಲೆಯಲ್ಲಿ ಹಡಗಿನ ಪ್ರಾರ್ಥನೆಯನ್ನು ನಡೆಸಿಕೊಟ್ಟವರು ಕ್ಯಾಪ್ಟನ್ ಸ್ಮಿತ್. ಧರ್ಮಗುರುಗಳಾರೂ ಹಡಗಿನ ನೌಕರರಾಗಿರಲಿಲ್ಲ, ಎಲ್ಲರಂತೆ ಪ್ರಯಾಣಿಕರಾಗಿದ್ದರು. ನಾನಿಲ್ಲಿ ಹೆಸರಿಸುವ ಐವರೂ ಎರಡನೆಯ ದರ್ಜೆಯಲ್ಲಿದ್ದರು.

ಅವರಲ್ಲಿ ಒಬ್ಬರು 42 ವರ್ಷದ ಕ್ಯಾಥೊಲಿಕ್ ಪಾದ್ರಿ ಥಾಮಸ್ ಬೈಲ್ಸ್. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಓಂಗರ್ ಎಂಬ ಸಣ್ಣ ಊರಿನ ಚರ್ಚಿನವರು. ನ್ಯೂಯಾರ್ಕಿನಲ್ಲಿದ್ದ ತಮ್ಮನ ಮದುವೆ ನೆರವೇರಿಸಲು ಹೊರಟಿದ್ದರು. ಆ ಭಾನುವಾರ ಅವರು ಎರಡನೆಯ ಮತ್ತು ಮೂರನೆಯ ದರ್ಜೆಯ ಪ್ರಯಾಣಿಕರಿಗಾಗಿ ಬಲಿಪೂಜೆ ಅರ್ಪಿಸಿದರು. ಬವೇರಿಯಾದ ಸನ್ಯಾಸಿ ಯೋಸೆಫ್ ಪೆರುಶಿಟ್ಸ್ ಜರ್ಮನ್ ಭಾಷೆ ಬಲ್ಲವರಿಗೆ ಉಪದೇಶ ಮಾಡಿದರು. ಲಿಥುವೇನಿಯಾದ ತರುಣ ಪಾದ್ರಿ ಯುವೋಜಸ್ ಮಾಂಟ್ವಿಲಾ ಕೂಡ ಅದೇ ಹಡಗಿನಲ್ಲಿದ್ದರು. ಸಂಜೆ ಲಂಡನ್ನಿನ ಬಡವರ ಬಡಾವಣೆ ವೈಟ್‌ಚಾಪೆಲ್‌ನ ಆಂಗ್ಲಿಕನ್ ಪಾದ್ರಿ ಅರ್ನೆಸ್ಟ್ ಕಾರ್ಟರ್ ಎರಡನೆಯ ದರ್ಜೆಯ ಭೋಜನಶಾಲೆಯಲ್ಲಿ ಭಕ್ತಿಗೀತೆಗಳ ಕೂಟ ನಡೆಸಿದರು. ಅದು ಮುಗಿದ ಸ್ವಲ್ಪ ಹೊತ್ತಿನಲ್ಲೇ, ರಾತ್ರಿ 11 ಗಂಟೆ 40 ನಿಮಿಷಕ್ಕೆ, ಹಡಗು ಹಿಮಬಂಡೆಗೆ ತಾಗಿತು.

ಎರಡು ಗಂಟೆ 40 ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಯಿತು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ದೋಣಿಗಳಲ್ಲಿ ಸ್ಥಳವಿದ್ದುದು 1,178 ಮಂದಿಗೆ ಮಾತ್ರ. ಬೈಲ್ಸ್ ಕೆಳಗಿಳಿದು ಮೂರನೆಯ ದರ್ಜೆಯವರನ್ನು ಮೇಲಕ್ಕೆ ಕರೆತಂದರು, ಹೆಂಗಸರು ಮಕ್ಕಳನ್ನು ದೋಣಿ ಹತ್ತಿಸಿದರು. ದೋಣಿಯಲ್ಲಿ ಸ್ಥಳ ನೀಡಿದಾಗ ನಿರಾಕರಿಸಿದರು. ಕೊನೆಯಲ್ಲಿ ಉಳಿದವರ ನಡುವೆ ನಿಂತು ಅವರ ಪಾಪನಿವೇದನೆ ಕೇಳಿದರು, ಪ್ರಾರ್ಥನೆ ಹೇಳಿಕೊಟ್ಟರು. ಬದುಕುಳಿದ ಬಡ ಪ್ರಯಾಣಿಕರೇ ಇದಕ್ಕೆ ಸಾಕ್ಷಿ ನುಡಿದವರು. ಸ್ಕಾಟ್ಲೆಂಡಿನ ಬ್ಯಾಪ್ಟಿಸ್ಟ್ ಬೋಧಕ ಜಾನ್ ಹಾರ್ಪರ್, ತಾಯಿಯಿಲ್ಲದ ತನ್ನ ಆರು ವರ್ಷದ ಮಗಳನ್ನು ದೋಣಿಯಲ್ಲಿ ಕೂರಿಸಿ ತಾನು ಹಿಂದೆಯೇ ಉಳಿದರು. ಈ ಐವರಲ್ಲಿ ಒಬ್ಬರೂ ಮರಳಿ ಬರಲಿಲ್ಲ.

ಅವರ ವಿಶ್ವಾಸ ಬೇರೆ, ನಮ್ಮ ವಿಶ್ವಾಸ ಬೇರೆ. ಆದರೆ ಸತ್ಯವನ್ನು ಸತ್ಯವೆಂದು ಒಪ್ಪುವುದು ಮುಸ್ಲಿಮನ ಧರ್ಮ. ಜನರನ್ನು ಬಿಟ್ಟು ಓಡದ ಗುರುವನ್ನು ಕಂಡಾಗ ಗೌರವದಿಂದ ಎದ್ದು ನಿಲ್ಲಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಗುರುಗಳನ್ನು ಹಡಗಿನ ಕಂಪೆನಿ ನೇಮಿಸಿರಲಿಲ್ಲ, ಅವರಿಗೆ ಸಂಬಳ ಕೊಟ್ಟಿರಲಿಲ್ಲ, ಇಂಥ ಕೆಲಸ ಮಾಡಿ ಎಂದು ಹೇಳಿರಲಿಲ್ಲ. ಆ ರಾತ್ರಿ ಅವರು ಮಾಡಿದ್ದು ವರ್ಷಗಳಿಂದ ತಮ್ಮ ಊರುಗಳಲ್ಲಿ ಮಾಡುತ್ತ ಬಂದುದನ್ನೇ. ರೋಗಿಯ ಹಾಸಿಗೆಯ ಬಳಿ, ಬಡವನ ಮನೆಬಾಗಿಲಲ್ಲಿ ಕಲಿತ ಪಾಠ ಹಡಗಿನ ವಾಲಿದ ಡೆಕ್‌ನ ಮೇಲೆ ನೆರವಿಗೆ ಬಂತು. ಬಡಗಿಗಳು ಹಳೆಯ ನಕ್ಷೆ ನೋಡಿ ಮೆಟ್ಟಿಲನ್ನು ಮತ್ತೆ ಕಟ್ಟಬಹುದು. ಇದನ್ನು ಯಾವ ನಕ್ಷೆ ನೋಡಿ ಕಟ್ಟುವುದು?

ಹಾಗಾದರೆ ಪ್ರವಾಸಿ ಹಡಗಿನಲ್ಲಿ ಧರ್ಮಗುರುಗಳು ಇರಲೇಬಾರದೇ? ಹಾಗೆ ಹೇಳಲಾರೆ. ಇಂದಿನ ದೊಡ್ಡ ಹಡಗುಗಳಲ್ಲಿ ಸಾವಿರಾರು ಜನ ವಾರಗಟ್ಟಲೆ ಬದುಕುತ್ತಾರೆ. ಅವರಲ್ಲಿ ವೃದ್ಧರು ಬಹಳ. ಕಾಯಿಲೆ ಬೀಳುವವರಿದ್ದಾರೆ, ಸಾಯುವವರೂ ಇದ್ದಾರೆ. ಶವವನ್ನು ಇರಿಸುವ ಕೋಣೆಯೂ ಅಂಥ ಹಡಗುಗಳಲ್ಲಿರುತ್ತದೆ. ಮರಣವಿರುವಲ್ಲಿ ಧರ್ಮಗುರುವಿಗೆ ಕೆಲಸವಿದೆ. ಕ್ರಿಸ್ಮಸ್, ಈಸ್ಟರ್ ಕಾಲದಲ್ಲಿ ಪಾದ್ರಿಯನ್ನೂ ಯಹೂದಿಯರ ಹಬ್ಬದಲ್ಲಿ ರಬ್ಬಿಯನ್ನೂ ಕರೆದೊಯ್ಯುವ ರೂಢಿ ಹಲವು ಹಡಗು ಕಂಪೆನಿಗಳಲ್ಲಿದೆ. ನನ್ನ ಪ್ರಶ್ನೆ ಬೇರೆ. ಅವರು ಯಾರಿಗಾಗಿ ಹೋಗುತ್ತಾರೆ? ಟಿಕೆಟ್ ಕೊಂಡವರಿಗಾಗಿ ಮಾತ್ರವೋ, ಕೆಳಗಿನ ಅಂತಸ್ತಿನಲ್ಲಿ ದುಡಿಯುವವರಿಗಾಗಿಯೂ ಹೌದೋ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರವಾಸಿ ಹಡಗೊಂದರ ಲಾಂಡ್ರಿಯಲ್ಲಿ ದುಡಿಯುತ್ತಾನೆ. ಬಿಸಿಲನ್ನೇ ಕಾಣದ ಕೆಲಸ. ಒಂದು ಡಿಸೆಂಬರ್‌ನಲ್ಲಿ ಹಡಗು ನಡುಗಡಲಿನಲ್ಲಿದ್ದಾಗ ಊರಿನಲ್ಲಿ ಅವನ ತಂದೆ ತೀರಿಕೊಂಡರು. ಮೂರು ದಿನಗಳ ಬಳಿಕ ಹಡಗು ಬಂದರು ತಲುಪಿದಾಗ ನನಗೆ ಕರೆ ಮಾಡಿದ. “ಉಸ್ತಾದ್, ಬಾಪ ಹೋದರು. ಮಣ್ಣು ಹಾಕಲೂ ನನ್ನಿಂದ ಆಗಲಿಲ್ಲ” ಎಂದು ಮಗುವಿನಂತೆ ಅತ್ತ. ದೂರದಲ್ಲಿರುವ ಮಯ್ಯಿತ್‌ಗಾಗಿಯೂ ನಮಾಝ್ ನಿರ್ವಹಿಸಲು ನಮ್ಮ ಶಾಫಿಈ ಮದ್ಹಬಿನಲ್ಲಿ ಅವಕಾಶವಿದೆ ಎಂದು ತಿಳಿಸಿ, ಅದರ ಕ್ರಮವನ್ನು ಹೇಳಿಕೊಟ್ಟೆ. “ಹಡಗಿನಲ್ಲಿ ನಿನ್ನೊಂದಿಗೆ ಯಾರೂ ಇರಲಿಲ್ಲವೇ?” ಎಂದು ಕೇಳಿದೆ. ಹಬ್ಬದ ಪ್ರಯಾಣವಾದುದರಿಂದ ಮೇಲೆ ಅತಿಥಿಗಳಿಗಾಗಿ ಒಬ್ಬ ಪಾದ್ರಿ ಇದ್ದರಂತೆ. ಅವರು ಕೆಳಗೆ ಬರಲಿಲ್ಲ. ಕೆಳಗೆ ಹೋಗಿ ಎಂದು ಅವರಿಗೆ ಯಾರೂ ಹೇಳಿರಲೂ ಇಲ್ಲ.

ಆದರೆ ಬಂದರಿನಲ್ಲಿ ಇನ್ನೊಬ್ಬ ಪಾದ್ರಿ ಸಿಕ್ಕರು. ನಾವಿಕರ ಸೇವೆಗೆಂದೇ ಹಡಗು ಹತ್ತಿ ಬರುವವರು. ಹುಡುಗನ ಮುಖ ನೋಡಿ ಪಕ್ಕದಲ್ಲಿ ಕುಳಿತರು, ವಿಷಯ ಕೇಳಿದರು. ತಮ್ಮ ವ್ಯಾನಿನಲ್ಲಿ ಅವನನ್ನು ಆ ಊರಿನ ಮಸೀದಿಗೆ ಕರೆದೊಯ್ದರು. ಅವನು ನಮಾಝ್ ಮುಗಿಸಿ ಬರುವವರೆಗೆ ಚಳಿಯಲ್ಲಿ ಹೊರಗೇ ಕಾದು ನಿಂತರು. “ಉಸ್ತಾದ್, ಅವರು ಒಂದು ಮಾತನ್ನೂ ಉಪದೇಶ ಮಾಡಲಿಲ್ಲ” ಎಂದು ಅವನು ಎರಡು ಬಾರಿ ಹೇಳಿದ. ಅಂಥ ಸೇವೆಗೆ ದೊಡ್ಡ ಇತಿಹಾಸವಿದೆ. ಆಂಗ್ಲಿಕನ್ನರ ನಾವಿಕ ಸೇವಾ ಸಂಸ್ಥೆ 1856ರಿಂದಲೂ, ಗ್ಲಾಸ್ಗೊದಲ್ಲಿ ಆರಂಭವಾದ ಕ್ಯಾಥೊಲಿಕರ ‘ಸ್ಟೆಲ್ಲಾ ಮಾರಿಸ್’ 1920ರಿಂದಲೂ ಜಗತ್ತಿನ ಬಂದರುಗಳಲ್ಲಿ ಈ ಕೆಲಸ ಮಾಡುತ್ತಿವೆ. ಇಂದು ಹಡಗುಗಳಲ್ಲಿ ಇಂಡೊನೇಷ್ಯಾದ, ಭಾರತದ ಮುಸ್ಲಿಮರು ಬಹಳಷ್ಟು ಮಂದಿ ದುಡಿಯುತ್ತಿದ್ದಾರೆ. ಅವರಿಗಾಗಿ ನಾವೇನು ಮಾಡಿದ್ದೇವೆ?

ನಮ್ಮಲ್ಲಿ ಪೌರೋಹಿತ್ಯವಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದು ನಿಜವೂ ಹೌದು. ಮೂವರು ನಾವಿಕರು ಸೇರಿದರೆ ಅವರಲ್ಲಿ ಕುರ್‌ಆನ್ ಚೆನ್ನಾಗಿ ಬಲ್ಲವನು ಇಮಾಮನಾಗಬಹುದು. ಹಡಗಿನಲ್ಲಿ ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು ಮಾಡಬಹುದು. ಪ್ರಯಾಣಿಕನಿಗೆ ಜುಮಾ ಕಡ್ಡಾಯವಲ್ಲ. ದಡ ದೂರವಿದ್ದರೆ ಮಯ್ಯಿತನ್ನು ಸ್ನಾನ ಮಾಡಿಸಿ, ಕಫನ್ ಹೊದಿಸಿ, ನಮಾಝ್ ಮಾಡಿ ಸಮುದ್ರಕ್ಕೆ ಒಪ್ಪಿಸುವ ವಿಧಿಯನ್ನು ನಮ್ಮ ಫಿಕ್ಹ್ ಗ್ರಂಥಗಳು ಹೇಳುತ್ತವೆ. 1995ರವರೆಗೂ ಮುಂಬೈಯಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರ ಹಡಗುಗಳು ಹೋಗುತ್ತಿದ್ದವು. ಆ ಪ್ರಯಾಣ ಮಾಡಿದ ನಮ್ಮ ಊರಿನ ಹಿರಿಯರಿಗೆ ಈ ವಿಧಿಗಳೆಲ್ಲ ತಿಳಿದಿದ್ದವು. ಯಾತ್ರಿಕರ ನಡುವಿನ ಆಲಿಮರು ಡೆಕ್‌ನ ಮೇಲೆ ಜನರನ್ನು ಕೂರಿಸಿ ಕಲಿಸುತ್ತಿದ್ದರು. ಇಂದು ಹದಿನೆಂಟರ ಹುಡುಗನನ್ನು ಹಡಗಿನ ಕೆಲಸಕ್ಕೆ ಕಳುಹಿಸುವಾಗ ನಾವು ಪಾಸ್‌ಪೋರ್ಟ್ ನೋಡುತ್ತೇವೆ, ಸಂಬಳ ಕೇಳುತ್ತೇವೆ. ಈ ಪಾಠವನ್ನು ಹೇಳಿ ಕಳುಹಿಸುವವರು ಎಷ್ಟು ಮಂದಿ? ಪೌರೋಹಿತ್ಯವಿಲ್ಲ ಎಂದರೆ ಹೊಣೆ ಯಾರಿಗೂ ಇಲ್ಲ ಎಂದಲ್ಲ, ಎಲ್ಲರಿಗೂ ಇದೆ ಎಂದರ್ಥ.

ಬೇರೆಯವರತ್ತ ಬೆರಳು ತೋರುವ ಮೊದಲು ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ದೊಡ್ಡ ಕಟ್ಟಡವೊಂದರ ಉದ್ಘಾಟನೆಗೆ ದುಆ ಮಾಡಲು ನನ್ನನ್ನು ಕರೆದಿದ್ದರು. ಫೋಟೋ ತೆಗೆಯುವವರು ಬರಲಿಲ್ಲವೆಂದು ದುಆವನ್ನು ಅರ್ಧ ಗಂಟೆ ತಡೆದರು. ನಾನೂ ಕಾದೆ. ವೇದಿಕೆಯ ಹಿಂಬದಿಯಲ್ಲಿ ಆ ಕಟ್ಟಡವನ್ನು ಕಟ್ಟಿದ ಕಾರ್ಮಿಕರು ನಿಂತಿದ್ದರು. ಅವರ ಕೂಲಿ ಪೂರ್ತಿ ಸಂದಿದೆಯೇ ಎಂದು ನಾನು ಕೇಳಲಿಲ್ಲ. ಕೂಲಿಕಾರನ ಬೆವರು ಆರುವ ಮೊದಲು ಅವನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಅದೇ ವಾರ ಮಕ್ಕಳಿಗೆ ಕಲಿಸಿದ್ದೆ. ಬಿರಿಯಾನಿ ತಿಂದು, ಕವರು ಹಿಡಿದು ಮನೆಗೆ ಬಂದೆ. ಅಂದು ನಾನು ಧರ್ಮಗುರುವಾಗಿರಲಿಲ್ಲ. ರಿಬ್ಬನ್ನಿನ ಹಾಗೆ ಅಲ್ಲಿ ಕಟ್ಟಿದ ಒಂದು ವಸ್ತುವಾಗಿದ್ದೆ. ಆದುದರಿಂದಲೇ ಎರಡನೇ ಟೈಟಾನಿಕ್‌ನ ಪಾದ್ರಿಯ ಬಗ್ಗೆ ಯೋಚಿಸುವಾಗ ನನಗೆ ನಗು ಬರುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಹಡಗಿನದೇ ಒಂದು ಉಪಮೆಯನ್ನು ನೀಡಿದ್ದಾರೆ. ಕೆಲವರು ಚೀಟಿ ಎತ್ತಿ ಹಡಗಿನ ಮೇಲಂತಸ್ತನ್ನೂ ಕೆಳಂತಸ್ತನ್ನೂ ಹಂಚಿಕೊಂಡರು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ಹಾದು ಹೋಗಬೇಕಾಗಿತ್ತು. ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಭಾಗದಲ್ಲೇ ಒಂದು ತೂತು ಕೊರೆಯೋಣವೆಂದು ಯೋಚಿಸಿದರು. ಮೇಲಿನವರು ತಡೆಯದೆ ಸುಮ್ಮನಿದ್ದರೆ ಎಲ್ಲರೂ ನಾಶವಾಗುತ್ತಾರೆ, ತಡೆದರೆ ಎಲ್ಲರೂ ಉಳಿಯುತ್ತಾರೆ ಎಂಬುದು ಅದರ ಸಾರ. ಅನ್ಯಾಯವನ್ನು ಕಂಡು ಸುಮ್ಮನಿರಬಾರದೆಂದು ನಾವು ಇದನ್ನು ಖುತ್ಬಾಗಳಲ್ಲಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವನ್ನೂ ನಾನು ಕಾಣುತ್ತೇನೆ. ಕೆಳಗಿನವರ ಬಾಯಾರಿಕೆ ಮೇಲಿನವರಿಗೆ ತಿಳಿದಿರಬೇಕು. ಅದನ್ನು ತಿಳಿಸಲು ಎರಡೂ ಅಂತಸ್ತುಗಳ ನಡುವೆ ನಡೆದಾಡುವವನೊಬ್ಬ ಬೇಕು. 1912ರಲ್ಲಿ ಪ್ರಥಮ ದರ್ಜೆಯವರಲ್ಲಿ ನೂರಕ್ಕೆ ಸುಮಾರು 60 ಮಂದಿ ಬದುಕಿದರು, ಮೂರನೆಯ ದರ್ಜೆಯವರಲ್ಲಿ ಸುಮಾರು 25 ಮಂದಿ. ದರ್ಜೆಗಳ ನಡುವಿನ ಗೋಡೆಗಳು ಸಾವಿನ ಹೊತ್ತಿನಲ್ಲೂ ಗೋಡೆಗಳಾಗಿಯೇ ಇದ್ದವು. ಬೈಲ್ಸ್ ಆ ಗೋಡೆಯನ್ನು ದಾಟಿ ಕೆಳಗಿಳಿದರು. ಧರ್ಮಗುರುವಿನ ಕೆಲಸ ಅದು.

ಆದ್ದರಿಂದ ಎರಡನೇ ಟೈಟಾನಿಕ್ ಎಂದಾದರೂ ಹೊರಟು, ಯಾವುದೇ ಧರ್ಮದ ಗುರುವಿಗೆ ಅದರಿಂದ ಕರೆ ಬಂದರೆ, ಅವರು ಮೂರು ಷರತ್ತುಗಳನ್ನು ಮುಂದಿಡಲಿ ಎಂದು ನಾನು ಬಯಸುತ್ತೇನೆ. ನಾನು ನಾಟಕದ ಉಡುಪು ತೊಡುವುದಿಲ್ಲ. ನೌಕರರ ಅಂತಸ್ತಿಗೆ ಹಗಲಿರುಳು ಹೋಗಿಬರುವ ಅನುಮತಿ ನನಗಿರಬೇಕು. ಅವರು ಯಾವ ಧರ್ಮದವರೇ ಆಗಿರಲಿ. ಕೆಳಗೆ ಕಂಡ ಅನ್ಯಾಯವನ್ನು ಮೇಲೆ ಹೇಳುವ ಹಕ್ಕು ನನಗಿರಬೇಕು. ಈ ಷರತ್ತುಗಳಿಗೆ ಒಪ್ಪಿದರೆ ಹಡಗು ಹತ್ತಲಿ. ಒಪ್ಪದಿದ್ದರೆ ದಡದಲ್ಲೇ ಉಳಿದು ಬಂದರಿನ ನಾವಿಕರ ಸೇವೆ ಮಾಡಲಿ. ಅದರಲ್ಲಿ ಪುಣ್ಯ ಹೆಚ್ಚು.

ನಮ್ಮ ಪಾಲಿಗೆ ಪಾಠ ಇನ್ನೂ ಹತ್ತಿರವಿದೆ. ನಮ್ಮ ಮೊಹಲ್ಲಾದಿಂದ ಸಮುದ್ರಕ್ಕೆ ಹೋದ ಹುಡುಗರು ಯಾರು ಯಾರು? ಅವರ ಫೋನ್ ಸಂಖ್ಯೆ ನಮ್ಮ ಇಮಾಮರ ಬಳಿ ಇದೆಯೇ? ಈ ಶುಕ್ರವಾರ ಜುಮಾ ಮುಗಿದ ಮೇಲೆ ಒಬ್ಬರಿಗಾದರೂ ಕರೆ ಮಾಡಿ, ಹೇಗಿದ್ದೀಯ ಎಂದು ಕೇಳೋಣ. ಅಲ್ಲಾಹನು ನಮ್ಮನ್ನು ವೇದಿಕೆಯ ಅಲಂಕಾರವಾಗುವುದರಿಂದ ಕಾಪಾಡಲಿ. ಕೆಳಗಿನ ಅಂತಸ್ತಿನಲ್ಲಿ ಒಂಟಿಯಾಗಿ ಅಳುವವನ ಪಕ್ಕ ಕುಳಿತುಕೊಳ್ಳುವ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.