ಹೊಗೆಯ ಬಣ್ಣ ಓದಲು ಕಲಿಯೋಣ

“ನಮ್ಮೂರಿನ ಹೊರಗೆ, ಹೈಸ್ಕೂಲಿಗೆ ಹತ್ತಿರದಲ್ಲೇ ಟಾರು ಪ್ಲಾಂಟ್ ಬಂದಿದೆ. ಕೇಳಿದರೆ ಪರ್ಮಿಷನ್ ಇದೆ ಎಂದು ಕಾಗದ ತೋರಿಸುತ್ತಾರೆ. ಮಕ್ಕಳು ಮಾತ್ರ ಕೆಮ್ಮುತ್ತಾ ಮನೆಗೆ ಬರುತ್ತಾರೆ. ಪರ್ಮಿಷನ್ ಇದ್ದ ಮೇಲೆ ನಾವು ಏನೂ ಕೇಳುವಂತಿಲ್ಲವೇ ಮೇಷ್ಟ್ರೇ?” ಎಂದು ತಂದೆಯೊಬ್ಬರು ಪತ್ರ ಬರೆದಿದ್ದಾರೆ.

ಖಂಡಿತ ಕೇಳಬಹುದು. ಅನುಮತಿ ಪತ್ರವೆಂದರೆ ಪರೀಕ್ಷೆಯ ಹಾಲ್ ಟಿಕೆಟ್ ಇದ್ದ ಹಾಗೆ. ಹಾಲ್ ಟಿಕೆಟ್ ಕೈಗೆ ಬಂದವರೆಲ್ಲ ಪಾಸಾದರು ಎಂದು ಯಾರೂ ಹೇಳುವುದಿಲ್ಲ. ಇಂಥ ಘಟಕಕ್ಕೆ ದಿನವೂ ಪರೀಕ್ಷೆಯೇ. ಅದು ಹೇಗೆ ಬರೆಯುತ್ತಿದೆ ಎಂಬುದನ್ನು ತಿಳಿಯಲು ಎಂಟನೆಯ, ಒಂಬತ್ತನೆಯ ತರಗತಿಯ ವಿಜ್ಞಾನ ಬಹುಮಟ್ಟಿಗೆ ಸಾಕು.

ಮೊದಲು ಅಲ್ಲಿ ನಡೆಯುವ ಕೆಲಸ ನೋಡೋಣ. ಜಲ್ಲಿ ಮತ್ತು ಕಲ್ಲುಪುಡಿಯನ್ನು ತಿರುಗುವ ದೊಡ್ಡ ಡ್ರಮ್ಮಿನೊಳಗೆ ಹಾಕುತ್ತಾರೆ. ಡ್ರಮ್ಮಿನ ಬಾಯಲ್ಲಿ ಬರ್ನರ್ ಉರಿಯುತ್ತದೆ. ಜಲ್ಲಿ ಒಣಗಿ ಕಾಯುತ್ತದೆ. ಬಿಸಿ ಮಾಡಿದ ಡಾಂಬರನ್ನು ಅದರೊಡನೆ ಬೆರೆಸಿ ಟಿಪ್ಪರಿಗೆ ತುಂಬುತ್ತಾರೆ. ತೂಕದಲ್ಲಿ ಡಾಂಬರು ನೂರಕ್ಕೆ ಸುಮಾರು 5 ಪಾಲು ಮಾತ್ರ, ಉಳಿದದ್ದೆಲ್ಲ ಕಲ್ಲು. ಹಿಂದೆ ಕಲ್ಲಿದ್ದಲಿನಿಂದ ಬರುವ ಟಾರನ್ನೂ ರಸ್ತೆಗೆ ಹಾಕುತ್ತಿದ್ದರು. ಹೆಸರು ಉಳಿದುಕೊಂಡಿದೆ, ವಸ್ತು ಬದಲಾಗಿದೆ. ಈಗಿನದು ಪೆಟ್ರೋಲಿಯಂ ಶುದ್ಧೀಕರಣದಲ್ಲಿ ತಳದಲ್ಲಿ ಉಳಿಯುವ ಬಿಟುಮೆನ್.

ಇಂಥ ಘಟಕ ನಡೆಸಲು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಎರಡು ಹಂತದ ಸಮ್ಮತಿ ಬೇಕು. ಕಟ್ಟುವ ಮೊದಲು ಒಂದು, ಚಾಲೂ ಮಾಡುವ ಮೊದಲು ಇನ್ನೊಂದು. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆ ಇವಕ್ಕೆ ಆಧಾರ. ಹಳ್ಳಿಯ ಎಲ್ಲೆಯಲ್ಲಿದ್ದರೆ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಅನುಮತಿಯೂ ಬೇಕು. ಈ ಪತ್ರಗಳಲ್ಲಿ ಮುಖ್ಯವಾದದ್ದು ಮೊಹರಲ್ಲ, ಕೆಳಗೆ ಪಟ್ಟಿ ಮಾಡಿದ ಷರತ್ತುಗಳು: ಯಾವ ಇಂಧನ, ಚಿಮಣಿ ಎಷ್ಟು ಎತ್ತರ, ಧೂಳು ಹಿಡಿಯುವ ಸಾಧನ ಯಾವುದು, ಹೊಗೆಯಲ್ಲಿ ಎಷ್ಟು ಧೂಳಿರಬಹುದು ಎಂದು. ದೇಶದ ಸಾಮಾನ್ಯ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಹೊಗೆಯಲ್ಲಿ ಧೂಳಿನ ಕಣಗಳು 150 ಮಿಲಿಗ್ರಾಂ ಮೀರಬಾರದು. ಮಂಡಳಿ ಇನ್ನೂ ಬಿಗಿಯಾದ ಮಿತಿ ಹಾಕಬಹುದು.

ಮಿಲಿಗ್ರಾಂ ಅಳೆಯಲು ನಮ್ಮ ಬಳಿ ಉಪಕರಣವಿಲ್ಲ, ನಿಜ. ಆದರೆ ಕಣ್ಣಿದೆ. ಹೊಗೆಯ ಬಣ್ಣ ಅರ್ಧ ಕಥೆ ಹೇಳುತ್ತದೆ.

ಚಿಮಣಿಯಿಂದ ತುಸು ಮೇಲೆ ಹುಟ್ಟಿ ಬೇಗನೆ ಕರಗಿಹೋಗುವ ಬಿಳಿ ಮೋಡ ಬಹುತೇಕ ನೀರಿನ ಆವಿ. ಜಲ್ಲಿಯ ತೇವ ಹೊರಗೆ ಹೋಗುತ್ತಿದೆ, ಅಷ್ಟೆ. ಅದಕ್ಕೆ ಹೆದರಬೇಕಿಲ್ಲ. ಕಪ್ಪು ಹೊಗೆ ಬಂದರೆ ಬರ್ನರಿಗೆ ಗಾಳಿ ಸಾಲದು, ಅಥವಾ ಎಣ್ಣೆ ಕಳಪೆ. ಇಂಗಾಲ ಪೂರ್ತಿ ಉರಿಯುತ್ತಿಲ್ಲ. ಕಂದು ಅಥವಾ ಬೂದು ಹೊಗೆ ಬಂದು ಸುತ್ತಲಿನ ಎಲೆಗಳ ಮೇಲೆ ಪುಡಿ ಕೂತರೆ ಅದು ಕಲ್ಲಿನ ಧೂಳು. ಧೂಳು ಹಿಡಿಯುವ ಬಟ್ಟೆಯ ಚೀಲ ಹರಿದಿರಬಹುದು, ಇಲ್ಲವೇ ಹೊಗೆ ತೊಳೆಯುವ ಸಾಧನಕ್ಕೆ ನೀರು ಬಿಟ್ಟಿರಲಿಕ್ಕಿಲ್ಲ. ತೆಳು ನೀಲಿ ಹೊಗೆ ಘಾಟಿನೊಂದಿಗೆ ಬಹಳ ಹೊತ್ತು ನಿಂತರೆ ಡಾಂಬರು ಅತಿಯಾಗಿ ಕಾದು ಆವಿಯಾಗುತ್ತಿದೆ ಎಂದು ತಿಳಿಯಬೇಕು.

ಅತಿಯಾಗಿ ಎಂದರೆ ಎಷ್ಟು? ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರನ್ನು ಬೆರೆಸುವಾಗ ಅದರ ಉಷ್ಣತೆ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಕೇಂದ್ರ ರಸ್ತೆ ಸಚಿವಾಲಯದ ನಿಯಮವಿದೆ. ಇದಕ್ಕಿಂತ ಹೆಚ್ಚು ಕಾಯಿಸಿದರೆ ಡಾಂಬರು ಪೆಡಸಾಗುತ್ತದೆ, ರಸ್ತೆ ಬೇಗ ಬಿರುಕು ಬಿಡುತ್ತದೆ. ಆವಿ ಹೆಚ್ಚಾದಂತೆ ಅಲ್ಲಿ ದುಡಿಯುವವರ ಎದೆಗೆ ಕೆಡುಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಪರಿಶೀಲಿಸಿ, ರಸ್ತೆಗೆ ಡಾಂಬರು ಹಾಕುವ ಕೆಲಸಗಾರರು ಉಸಿರಾಡುವ ಈ ಆವಿಯನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಉಳ್ಳದ್ದು’ ಎಂಬ ಗುಂಪಿಗೆ ಸೇರಿಸಿತು. ಅಂದರೆ ಘಟಕದ ಒಂದು ಥರ್ಮಾಮೀಟರನ್ನು ಸರಿಯಾಗಿ ನೋಡಿಕೊಂಡರೆ ರಸ್ತೆಗೂ ಒಳ್ಳೆಯದು, ಕೆಲಸಗಾರರಿಗೂ ಒಳ್ಳೆಯದು, ಊರಿಗೂ ಒಳ್ಳೆಯದು.

ಈಗ ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಲಿ. ಒಂದು ಟನ್ ಒಣ ಜಲ್ಲಿಯನ್ನು 25 ಡಿಗ್ರಿಯಿಂದ 160 ಡಿಗ್ರಿಗೆ ಏರಿಸಬೇಕು. ಕಲ್ಲಿನ ವಿಶಿಷ್ಟೋಷ್ಣ ಸುಮಾರು 0.2. ಆದ್ದರಿಂದ 1000 × 0.2 × 135 = 27,000 ಕಿಲೋಕ್ಯಾಲರಿ ಶಾಖ ಬೇಕು. ಆ ಜಲ್ಲಿ ಮಳೆಯಲ್ಲಿ ನೆನೆದು 50 ಕಿಲೋ ನೀರು ಹಿಡಿದಿದೆ ಎನ್ನಿ. ನೀರನ್ನು 100 ಡಿಗ್ರಿಗೆ ಏರಿಸಲು 50 × 75 = 3,750; ಆವಿ ಮಾಡಲು ಗುಪ್ತೋಷ್ಣ 540ರಂತೆ 50 × 540 = 27,000. ಒಟ್ಟು 30,750 ಕಿಲೋಕ್ಯಾಲರಿ. ಒಂದು ಟನ್ ಕಲ್ಲಿಗಿಂತ 50 ಕಿಲೋ ನೀರೇ ಹೆಚ್ಚು ಶಾಖ ತಿಂದಿತು! ಲೀಟರ್ ಡೀಸೆಲ್ ಸುಮಾರು 8,500 ಕಿಲೋಕ್ಯಾಲರಿ ಕೊಡುತ್ತದೆ. ಶಾಖ ಒಂದಿಷ್ಟೂ ಪೋಲಾಗದಿದ್ದರೂ ಟನ್‌ಗೆ ಮೂರೂವರೆ ಲೀಟರಿಗಿಂತ ಹೆಚ್ಚು ಎಣ್ಣೆ ಬರೀ ನೀರನ್ನು ಓಡಿಸಲು ಖರ್ಚು. ಜಲ್ಲಿಯ ರಾಶಿಗೆ ಒಂದು ಶೆಡ್ಡು, ಕಲ್ಲುಪುಡಿಗೆ ತಾಡಪಾಲು, ನೀರು ಹರಿದುಹೋಗುವಂತೆ ಇಳಿಜಾರಾದ ನೆಲ, ಇಷ್ಟು ಮಾಡಿದರೆ ಎಣ್ಣೆ ಉಳಿಯುತ್ತದೆ, ಹೊಗೆ ಇಳಿಯುತ್ತದೆ. ಪರಿಸರ ಕಾಪಾಡುವುದು ನಷ್ಟದ ಬಾಬತ್ತು ಎನ್ನುವ ಮಾಲೀಕರಿಗೆ ಈ ಲೆಕ್ಕ ತೋರಿಸಬೇಕು.

ಚಿಮಣಿಯ ಎತ್ತರಕ್ಕೂ ಲೆಕ್ಕವಿದೆ. ಗಂಟೆಗೆ ಹೊರಬೀಳುವ ಗಂಧಕದ ಡೈಆಕ್ಸೈಡ್ ಎಷ್ಟು ಕಿಲೋ ಎಂದು ತಿಳಿದು, ಆ ಸಂಖ್ಯೆಯ 0.3 ಘಾತವನ್ನು 14ರಿಂದ ಗುಣಿಸಿದರೆ ಎತ್ತರ ಮೀಟರುಗಳಲ್ಲಿ ಸಿಗುತ್ತದೆ. ಗಂಟೆಗೆ 200 ಕಿಲೋ ಎಣ್ಣೆ ಉರಿದು ಅದರಲ್ಲಿ ಶೇಕಡಾ 2 ಗಂಧಕವಿದ್ದರೆ 4 ಕಿಲೋ ಗಂಧಕ. ಆಮ್ಲಜನಕ ಸೇರಿ 8 ಕಿಲೋ ಅನಿಲ. ಲಾಗ್ ಪುಸ್ತಕ ನೋಡಿ ಮಾಡಿದರೆ ಸುಮಾರು 26 ಮೀಟರ್ ಬರುತ್ತದೆ. ಇಷ್ಟಕ್ಕಿಂತ ಕಡಿಮೆ ಇರಕೂಡದೆಂಬ ಕನಿಷ್ಠ ಎತ್ತರವನ್ನೂ ಸಮ್ಮತಿ ಪತ್ರದಲ್ಲಿ ಹಾಕಬಹುದು. ಆದರೆ ಒಂದು ಮಾತು: ಎತ್ತರದ ಚಿಮಣಿ ಮಾಲಿನ್ಯವನ್ನು ಹರಡಿ ತೆಳುವಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಗಂಧಕ ಕಡಿಮೆ ಇರುವ ಎಣ್ಣೆ ಬಳಸುವುದೇ ಮೇಲು.

ಧೂಳೆಲ್ಲ ಚಿಮಣಿಯಿಂದಲೇ ಬರುವುದೂ ಇಲ್ಲ. ಟಿಪ್ಪರುಗಳು ಓಡಾಡುವ ಮಣ್ಣಿನ ದಾರಿಗೆ ನೀರು ಚಿಮುಕಿಸಬೇಕು. ಹೊಗೆ ತೊಳೆದ ಕೆಸರುನೀರನ್ನು ತೊಟ್ಟಿಯಲ್ಲಿ ತಿಳಿಯಾಗಿಸಿ ಮತ್ತೆ ಬಳಸಬೇಕೇ ಹೊರತು ಹಳ್ಳಕ್ಕೆ ಬಿಡಬಾರದು. ಸದ್ದಿಗೂ ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45.

ಇನ್ನು ಪಾಲಕರು ಏನು ಮಾಡಬೇಕು? ಹಿಂದೆ ನಾನಿದ್ದ ಒಂದು ಶಾಲೆಯ ಬಳಿಯೂ ಇಂಥ ಘಟಕವಿತ್ತು. ಒಂಬತ್ತನೆಯ ತರಗತಿಯ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಹೊಗೆಯ ಬಣ್ಣ ಮತ್ತು ಗಾಳಿ ಬೀಸುವ ದಿಕ್ಕು ಬರೆದಿಟ್ಟರು. ಗಾಳಿಯ ದಿಕ್ಕಿಗೆ ಕೋಲಿಗೆ ಕಟ್ಟಿದ ಬಟ್ಟೆಯ ಚೂರೇ ಸಾಕಾಯಿತು. ಕೆಲವು ವಾರಗಳಲ್ಲಿ ಎರಡು ಸಂಗತಿ ಸ್ಪಷ್ಟವಾದವು. ಬರ್ನರ್ ಹೊತ್ತಿಸಿದ ಮೊದಲ ಅರ್ಧ ಗಂಟೆ ಕಪ್ಪು ಹೊಗೆ. ಅದು ಪ್ರಾರ್ಥನೆಯ ವೇಳೆಗೇ ಶಾಲೆಯ ಮೇಲೆ ಬರುತ್ತಿತ್ತು. ಕಂದು ಧೂಳು ಮಾತ್ರ ದಿನವಿಡೀ. ಜಗಳಕ್ಕೇ ಸಿದ್ಧರಾಗಿದ್ದ ಮ್ಯಾನೇಜರ್ ನೋಟ್‌ಬುಕ್ ತಿರುವಿ ಹಾಕಿ, ಬರ್ನರ್ ಹೊತ್ತಿಸುವ ವೇಳೆ ಬದಲಾಯಿಸಲು ಒಪ್ಪಿದರು. ಧೂಳಿನ ಫಿಲ್ಟರ್ ದುರಸ್ತಿಗೆ ಮಾತ್ರ ಮಂಡಳಿಯ ನೋಟಿಸೇ ಬರಬೇಕಾಯಿತು. ಆ ನೋಟಿಸು ಬರಲೂ ನೋಟ್‌ಬುಕ್ಕಿನ ಪ್ರತಿಯೇ ನೆರವಾಯಿತು.

ಆದ್ದರಿಂದ ಬರೀ ‘ಹೊಗೆ ಬರುತ್ತದೆ’ ಎಂದು ದೂರಬೇಡಿ. ಎಂದು, ಎಷ್ಟು ಹೊತ್ತು, ಯಾವ ಬಣ್ಣ ಎಂದು ಬರೆದಿಡಿ. ಸಮ್ಮತಿ ಪತ್ರದ ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಂಡಳಿಗೆ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಷರತ್ತುಗಳನ್ನು ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಓದಿ. ಮೊದಲು ಘಟಕದವರೊಡನೆ ಮಾತಾಡಿ, ಆಮೇಲೆ ಪಂಚಾಯಿತಿ, ಆಮೇಲೆ ಮಂಡಳಿಯ ಪ್ರಾದೇಶಿಕ ಕಚೇರಿ. ಮಗುವಿನ ಕೆಮ್ಮು ನಿಲ್ಲದಿದ್ದರೆ ಇದಾವುದಕ್ಕೂ ಕಾಯದೆ ವೈದ್ಯರಿಗೆ ತೋರಿಸಿ. ನಮಗೆ ರಸ್ತೆ ಬೇಕು, ರಸ್ತೆಗೆ ಡಾಂಬರು ಬೇಕು. ಅದಕ್ಕೆ ಮಕ್ಕಳ ಉಸಿರು ಬೆಲೆಯಾಗಬೇಕಿಲ್ಲ.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: ಘಟಕವೊಂದು ದಿನಕ್ಕೆ 200 ಟನ್ ಒಣ ಜಲ್ಲಿಯ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಬಯಲಿನಲ್ಲಿ ಬಿದ್ದ ಜಲ್ಲಿ ಟನ್‌ಗೆ 40 ಕಿಲೋ ನೀರು ಹಿಡಿಯುತ್ತದೆ. ಶೆಡ್ಡಿನಲ್ಲಿಟ್ಟರೆ 15 ಕಿಲೋ. ದಿನಕ್ಕೆ ಎಷ್ಟು ಲೀಟರ್ ಡೀಸೆಲ್ ಉಳಿಯುತ್ತದೆ? ಉತ್ತರ 360ರ ಆಸುಪಾಸಿನಲ್ಲಿ ಬರಬೇಕು. ತೀರಾ ಕಡಿಮೆ ಬಂದರೆ ಗುಪ್ತೋಷ್ಣವನ್ನು ಮರೆತಿದ್ದೀರಿ ಎಂದು ಅರ್ಥ, ಇನ್ನೊಮ್ಮೆ ಮಾಡಿ.