ತಕ್ಕಡಿಗೆ ಮುದ್ರೆ, ಮಾತಿಗೆ ಇಲ್ಲ

ಪಿಯುಸಿ ಫಲಿತಾಂಶ ಬಂದರೆ ಸಾಕು, ಖಾಸಗಿ ವಿಶ್ವವಿದ್ಯಾಲಯಗಳ ಬೋರ್ಡುಗಳು ಬಸ್ಸಿನ ಬೆನ್ನೇರುತ್ತವೆ. ‘ನೂರಕ್ಕೆ ನೂರು ಉದ್ಯೋಗ’, ‘ವಿಶ್ವದರ್ಜೆಯ ಕ್ಯಾಂಪಸ್’, ‘ಕೆಲವೇ ಸೀಟು ಬಾಕಿ’ ಎಂಬ ಮಾತುಗಳು ವಡಗೇರಾದ ಮೊಬೈಲುಗಳಿಗೂ ಬಂದು ಬೀಳುತ್ತವೆ. ಸೀರೆ ಅಂಗಡಿಯ ಆಷಾಢ ಸೇಲಿಗೂ ಇದಕ್ಕೂ ಏನು ಫರಕು? ಸೀರೆ ಬಣ್ಣ ಬಿಟ್ಟರೆ ಐದುನೂರು ರೂಪಾಯಿ ಹೋದೀತು. ಇಲ್ಲಿ ಹೋಗುವುದು ಹೊಲ, ಜೊತೆಗೆ ಹುಡುಗನ ನಾಲ್ಕು ವರ್ಷ.

2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆ ಶೇ. 48.45 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ಅಂಥ ಜಿಲ್ಲೆಯಲ್ಲಿ ಪಾಸಾದ ಮಗ ಮನೆಗೆ ಬಂಗಾರ. ಓದಿದ ಕಾಕಾ, ಮಾವ ಇಲ್ಲದ ಮನೆಯಲ್ಲಿ ಬುದ್ಧಿ ಹೇಳುವವರು ಯಾರು? ಬೋರ್ಡೇ ಹಿರಿಯ, ಏಜೆಂಟನೇ ಗುರು.

ಈ ಮಾತುಗಳನ್ನು ಒಮ್ಮೆ ತೂಗಿ ನೋಡೋಣ. ‘ಯುಜಿಸಿ ಮಾನ್ಯತೆ’ ಅಂತಾರೆ. ಕಾನೂನಿನ ಅಧಿಕಾರ ಇಲ್ಲದೆ ಯಾರೂ ಪದವಿ ಕೊಡುವಂತೆಯೇ ಇಲ್ಲ. ಇದು ಅಂಗಡಿಗೆ ಲೈಸೆನ್ಸ್ ಇದೆ ಎಂದು ಡಂಗುರ ಸಾರಿದಂತೆ. ‘ಸ್ಕಾಲರ್‌ಶಿಪ್’ ಅಂತಾರೆ. ಎಷ್ಟೋ ಕಡೆ ಅದು ತಾವೇ ಏರಿಸಿದ ಫೀಜಿನಲ್ಲಿ ತಾವೇ ಬಿಡುವ ಸೋಡಿ. ‘ನ್ಯಾಕ್ ಎ++’ ಅಂತಾರೆ. ಆಂಧ್ರದ ಒಂದು ಸಂಸ್ಥೆಗೆ ಆ ದರ್ಜೆ ಕೊಡಿಸಲು ಲಂಚ ತಿಂದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ 2025ರ ಫೆಬ್ರವರಿಯಲ್ಲಿ ಬಂಧಿಸಿತು. ಇನ್ನು ನೂರಕ್ಕೆ ನೂರು ಉದ್ಯೋಗ! ಯಾವ ನೂರು? ಓದಿದವರ ನೂರೋ, ಕಂಪನಿಗೆ ಹೆಸರು ಕೊಟ್ಟವರ ನೂರೋ?

ಖಾಸಗಿಯವರೆಲ್ಲ ಮೋಸಗಾರರಲ್ಲ. ಚೆನ್ನಾಗಿ ಕಲಿಸುವವರೂ ಇದ್ದಾರೆ. ಆದರೆ ಕಿರಾಣಿ ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಲಕ್ಷಗಟ್ಟಲೆ ರೊಕ್ಕ ಎಣಿಸಿಕೊಳ್ಳುವವರ ಮಾತಿಗೆ ಮುಂಚೆ ಮುದ್ರೆ ಒತ್ತುವವರಿಲ್ಲ. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ನಿಜ. ಆದರೆ ಅದು ನೆನಪಾಗುವುದು ಫೀಜು ಕಟ್ಟಿದ ಮೇಲೆ.

ಏಜೆಂಟ್ ಹೇಳದ ಮಾತುಗಳೂ ಉಂಟು. ಈ ಭಾಗದ ಮಕ್ಕಳಿಗೆ 371(ಜೆ) ಮೀಸಲಾತಿ ಇದೆ. ಸಿಇಟಿ ಬರೆದವರಿಗೆ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಸರ್ಕಾರಿ ಪಾಲಿನ ಸೀಟುಗಳಿವೆ. ಅಸಲು ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. 2024-25ನೇ ಸಾಲಿಗೆ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟವರಿಗೆ ಪೂರ್ತಿ ಫೀಜು ವಾಪಸ್ ಕೊಡಬೇಕೆಂದೂ ಆದೇಶಿಸಿತ್ತು. ಇದನ್ನೆಲ್ಲ ಹೇಳಿದರೆ ಏಜೆಂಟನಿಗೆ ಕಮಿಷನ್ ಹುಟ್ಟೀತೇ?

ಜಿಲ್ಲಾಡಳಿತ ಮನಸ್ಸು ಮಾಡಿದರೆ ಫಲಿತಾಂಶದ ದಿನವೇ ಪ್ರತಿ ಪಿಯು ಕಾಲೇಜಿನಲ್ಲಿ ಒಂದು ಮೇಜು ಹಾಕಿ, ತಿಳಿದ ಉಪನ್ಯಾಸಕರೊಬ್ಬರನ್ನು ಕೂಡಿಸಬಹುದು. ಅದಕ್ಕೆ ಕೋಟಿ ಬೇಕಿಲ್ಲ. ಅಲ್ಲಿಯವರೆಗೆ ಪಾಲಕರೇ ಗಟ್ಟಿಯಾಗಬೇಕು. ಕಳೆದ ವರ್ಷ ಓದಿ ಮುಗಿಸಿದವರೆಷ್ಟು, ನೌಕರಿ ಸಿಕ್ಕಿದ್ದೆಷ್ಟು ಮಂದಿಗೆ, ಪಗಾರವೆಷ್ಟು, ಹಾಸ್ಟೆಲ್ ಸೇರಿ ನಾಲ್ಕು ವರ್ಷದ ಖರ್ಚೆಷ್ಟು ಎಂದು ಕಾಗದದ ಮೇಲೆ ಕೇಳಬೇಕು. ಅವರು ಬರೆದುಕೊಡದ ಮಾತಿಗೆ ನಾವು ಹೊಲ ಬರೆದುಕೊಡಬಾರದು.