ದುರಂತದಲ್ಲಿ ವಿಧಿಯ ಪಾಲೆಷ್ಟು, ಕಾನೂನಿನ ಪಾಲೆಷ್ಟು?

ಆರ್ಥರ್ ಮಿಲ್ಲರ್ ಬರೆದ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದ ಎರಡನೇ ಅಂಕದಲ್ಲಿ ಅರವತ್ತಮೂರರ ವಿಲ್ಲಿ ಲೋಮನ್ ತನ್ನ ಮಾಲೀಕ ಹೊವರ್ಡ್‌ನ ಕೋಣೆಗೆ ಹೋಗುತ್ತಾನೆ. ಊರೂರಿಗೆ ಕಾರು ಓಡಿಸಿ ಸಾಕಾಗಿದೆ, ನ್ಯೂಯಾರ್ಕಿನ ಕಚೇರಿಯಲ್ಲೇ ಒಂದು ಜಾಗ ಕೊಡಿ ಎನ್ನುತ್ತಾನೆ. ವಾರಕ್ಕೆ 65 ಡಾಲರ್ ಕೇಳುತ್ತಾನೆ, 50ಕ್ಕೆ ಇಳಿಯುತ್ತಾನೆ, ಕೊನೆಗೆ 40 ಆದರೂ ಸಾಕು ಎನ್ನುತ್ತಾನೆ. ಹೊವರ್ಡ್‌ಗೆ ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರದ ಮೇಲೆಯೇ ಗಮನ. ತನ್ನ ಅಪ್ಪನ ಕಾಲದಿಂದ, 34 ವರ್ಷ ದುಡಿದವನನ್ನು ಆ ಒಂದೇ ಭೇಟಿಯಲ್ಲಿ ಮನೆಗೆ ಕಳಿಸುತ್ತಾನೆ.

ಔಷಧ ಕಂಪನಿಯ ಪ್ರತಿನಿಧಿಯಾಗಿ, ದಾವಣಗೆರೆಯನ್ನು ಹೆಡ್‌ಕ್ವಾರ್ಟರ್ಸ್ ಮಾಡಿಕೊಂಡು ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ, ಹೊಸದುರ್ಗ ಸುತ್ತಿ ನಿವೃತ್ತನಾದ ನನಗೆ ಈ ದೃಶ್ಯವನ್ನು ಬರೀ ನಾಟಕವೆಂದು ಓದಲು ಆಗುವುದಿಲ್ಲ. ತಿಂಗಳ ಕೊನೆಯ ವಾರ ಟಾರ್ಗೆಟ್ ಮುಟ್ಟದೆ ಸ್ಟಾಕಿಸ್ಟ್ ಮುಂದೆ ನಿಂತು, ಹತ್ತು ಬಾಕ್ಸ್ ಇಲ್ಲದಿದ್ದರೆ ಐದು, ಐದಿಲ್ಲದಿದ್ದರೆ ಎರಡು ಎಂದು ಕೇಳಿದವರಿಗೆ ಆ ದನಿ ಇಳಿಯುವ ಬಗೆ ಗೊತ್ತಿರುತ್ತದೆ.

ಜಾರ್ಜ್ ಸ್ಟೈನರ್ ಎಂಬ ವಿಮರ್ಶಕ 1961ರಲ್ಲಿ 'ದಿ ಡೆತ್ ಆಫ್ ಟ್ರ್ಯಾಜಿಡಿ' ಎಂಬ ಪುಸ್ತಕ ಬರೆದರು. ವಿಚ್ಛೇದನ ಕಾಯ್ದೆಯನ್ನು ಸಡಿಲಿಸಿದರೂ ಗ್ರೀಕ್ ದುರಂತದ ಅಗಮೆಮ್ನಾನ್ ಬದುಕುವುದಿಲ್ಲ. ಇಬ್ಸೆನ್ನನ ನಾಟಕಗಳ ಕೆಲವು ಬಿಕ್ಕಟ್ಟುಗಳಾದರೋ ಆರ್ಥಿಕ ಸಂಬಂಧಗಳು ನೆಟ್ಟಗಾದರೆ ಬಗೆಹರಿದಾವು. ಇದು ಅವರ ವಾದ. ಹಾಗೆ ಬಗೆಹರಿಯುವಂಥದ್ದು ಅಪ್ಪಟ ದುರಂತವಲ್ಲ ಎಂಬುದು ಅವರ ತೀರ್ಮಾನ. ಮೊದಲರ್ಧ ನನಗೂ ಒಪ್ಪಿಗೆ. ಬಿಎಂಶ್ರೀ ಸೊಫೊಕ್ಲಿಸನ ಏಯಾಸ್‌ನನ್ನು ಕನ್ನಡದ 'ಅಶ್ವತ್ಥಾಮನ್' ಆಗಿಸಿ 1929ರಲ್ಲಿ ಕೊಟ್ಟರು. ಆ ವೀರನ ಸಂಕಟಕ್ಕೆ ಯಾವ ಶಾಸನಸಭೆಯ ಬಳಿಯೂ ಮದ್ದಿಲ್ಲ. ಆದರೆ ಮದ್ದಿರುವ ನೋವನ್ನು ಎರಡನೇ ದರ್ಜೆಯ ನೋವೆಂದು ಕರೆಯುವುದನ್ನು ನಾನು ಒಪ್ಪಲಾರೆ. ತಪ್ಪಿಸಬಹುದಾಗಿತ್ತು ಎಂದು ಗೊತ್ತಿರುವ ಸಾವು, ತಪ್ಪಿಸಲಾಗದ ಸಾವಿಗಿಂತ ಹೆಚ್ಚು ಸುಡುತ್ತದೆ.

ಮಿಲ್ಲರ್ ನಾಟಕ ರಂಗಕ್ಕೆ ಬಂದದ್ದು 1949ರ ಫೆಬ್ರುವರಿ 10ರಂದು. ಆಗಿನ ಕಾನೂನನ್ನು ಪಕ್ಕದಲ್ಲಿಟ್ಟು ನೋಡಬೇಕು. ಕನಿಷ್ಠ ವೇತನ, ಹೆಚ್ಚುವರಿ ದುಡಿಮೆಗೆ ಹೆಚ್ಚು ಕೂಲಿ ಎಂದ 1938ರ ಅಮೆರಿಕದ ಕಾಯ್ದೆ ಊರೂರು ತಿರುಗುವ ಸೇಲ್ಸ್‌ಮನ್‌ನನ್ನು ಹೊರಗಿಟ್ಟಿತ್ತು. 1948ರ ಜೂನ್‌ನಲ್ಲಿ ಅಲ್ಲಿನ ಕಾಂಗ್ರೆಸ್, ಅಧ್ಯಕ್ಷ ಟ್ರೂಮನ್ ಅವರ ವೀಟೊವನ್ನೂ ಮೀರಿ, ಉದ್ಯೋಗಿ ಯಾರು ಎಂಬ ವ್ಯಾಖ್ಯೆಯನ್ನು ಬಿಗಿಗೊಳಿಸಿತು. ಕಮಿಷನ್ ಮೇಲೆ ಬದುಕುವ ಎಷ್ಟೋ ಮಾರಾಟಗಾರರು ವೃದ್ಧಾಪ್ಯ ವಿಮೆಯ ಆಸರೆಯಿಂದ ಆಚೆ ಬಿದ್ದರು. ಪೂರ್ಣಾವಧಿ ಸಂಚಾರಿ ಮಾರಾಟಗಾರರನ್ನು ಹೆಸರಿಸಿ ಒಳಗೆ ಸೇರಿಸಿಕೊಂಡದ್ದು 1950ರ ತಿದ್ದುಪಡಿ. ಈ ಎರಡರ ನಡುವಿನ ಸಂದಿಯಲ್ಲಿ ವಿಲ್ಲಿ ರಂಗದ ಮೇಲೆ ನಿಂತಿದ್ದ, ಸಂಬಳ ಕಿತ್ತುಕೊಂಡು ಬರೀ ಕಮಿಷನ್‌ಗೆ ತಳ್ಳಿದ ಮುದುಕನಾಗಿ. ತಾನು ಸತ್ತರೆ ಮನೆಗೆ ವಿಮೆಯ 20,000 ಡಾಲರ್ ಬರುತ್ತದೆಂದು ಲೆಕ್ಕ ಹಾಕುವ ಮಟ್ಟಕ್ಕೆ ಅವನು ಮುಟ್ಟಿದ್ದರಲ್ಲಿ ವಿಧಿಯ ಪಾಲು ಎಷ್ಟು?

ನಮ್ಮಲ್ಲೂ ಕಥೆ ಬೇರೆಯಲ್ಲ. ಸ್ಟೈನರ್ ಪುಸ್ತಕ ಬಂದ ಅದೇ 1961ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ಔಷಧ ಕಂಪನಿಯ ಪ್ರಕರಣದಲ್ಲಿ, ಪ್ರತಿನಿಧಿಯ ಮುಖ್ಯ ಕೆಲಸ ಪ್ರಚಾರ, ಆದ್ದರಿಂದ ಕೈಗಾರಿಕಾ ವಿವಾದ ಕಾಯ್ದೆಯ ಮಟ್ಟಿಗೆ ಅವನು ಕಾರ್ಮಿಕನಲ್ಲ ಎಂದಿತು. ಟೈ ಕಟ್ಟಿಕೊಂಡವನಿಗೆ ಫ್ಯಾಕ್ಟರಿಯ ಸಹಾಯಕನಿಗಿದ್ದ ರಕ್ಷಣೆಯೂ ಇಲ್ಲವಾಯಿತು. ಸಂಘಟನೆಗಳ ಹೋರಾಟದಿಂದ 1976ರಲ್ಲಿ ಮಾರಾಟ ಪ್ರವರ್ಧನ ನೌಕರರ ಕಾಯ್ದೆ ಬಂತು. ನೇಮಕಾತಿ ಪತ್ರ ಕಡ್ಡಾಯವಾಯಿತು. ದುಡಿದ ಅವಧಿಯ ಹನ್ನೊಂದನೇ ಒಂದು ಭಾಗ ಗಳಿಕೆ ರಜೆ, ಗ್ರಾಚ್ಯುಟಿ, ಬೋನಸ್, ವಿವಾದವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಯ್ಯುವ ಹಕ್ಕು, ಎಲ್ಲವೂ ಅದರೊಳಗಿದ್ದವು. ಆದರೆ ತಿಂಗಳಿಗೆ 750 ರೂಪಾಯಿಯ ಸಂಬಳ ಮಿತಿಯೂ ಇತ್ತು. ಅದು ತೊಲಗಿದ್ದು 1987ರಲ್ಲಿ.

ನಮ್ಮ ಸೀನಿಯರ್ ಒಬ್ಬರಿಗೆ ಐವತ್ತರ ಗಡಿಯಲ್ಲಿ, ಸೇಲ್ಸ್ ಕುಸಿದಿದೆ ಎಂಬ ಕಾರಣಕ್ಕೆ, ಉತ್ತರದ ದೂರದ ರಾಜ್ಯಕ್ಕೆ ವರ್ಗಾವಣೆ ಬಂತು. ರಾಜೀನಾಮೆ ಕೊಡಲಿ ಎಂಬುದೇ ಅದರ ಉದ್ದೇಶ ಎಂದು ಫೀಲ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಕೊಡಲಿಲ್ಲ. ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಹಾಕಿದರು, ಯೂನಿಯನ್ನಿನವರು ಸಂಧಾನಕ್ಕೆ ಕೂತರು, ಕಂಪನಿ ಕೊನೆಗೆ ಆದೇಶ ಹಿಂಪಡೆಯಿತು. ಅವರು ದಾವಣಗೆರೆಯಲ್ಲೇ, ಗ್ರಾಚ್ಯುಟಿ ಪಡೆದು ನಿವೃತ್ತರಾದರು. ಹಾಗೆಂದು ಅವರ ಬದುಕು ಸುಖವಾಯಿತು ಎನ್ನಲಾರೆ. ವಾರಗಟ್ಟಲೆ ಟೂರಿನಲ್ಲಿರುತ್ತಿದ್ದ ಅಪ್ಪನನ್ನು ಮಗ ಕ್ಷಮಿಸಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಮಾತಿಲ್ಲದೆ ಇದ್ದರು. ವಿಲ್ಲಿ ಮತ್ತು ಅವನ ಮಗ ಬಿಫ್ ನಡುವೆ ಇದ್ದದ್ದೂ ಇದೇ ಗೋಡೆ. ಅದನ್ನು ಕೆಡವುವ ಕಲಂ ಯಾವ ಕಾಯ್ದೆಯಲ್ಲೂ ಇಲ್ಲ. ಹೊವರ್ಡ್‌ನ ಕೋಣೆಯಲ್ಲಿ ನಡೆದದ್ದನ್ನು ಮಾತ್ರ ಕಾಯ್ದೆ ತಡೆಯಬಲ್ಲದು. ಹಾಗೆ ತಡೆದ ಮೇಲೂ ವಿಲ್ಲಿಯ ದುರಂತ ದುರಂತವಾಗಿಯೇ ಉಳಿಯುತ್ತದೆ, ಅದಕ್ಕೊಂದು ಹೆಣ ಬೇಕಾಗುವುದಿಲ್ಲ ಅಷ್ಟೆ. ಸ್ಟೈನರ್ ಅವರಂಥ ದೊಡ್ಡ ಓದುಗರು ಇದಕ್ಕೆ ಬೆಲೆ ಕಟ್ಟಬೇಕಿತ್ತು.

ಗೆದ್ದದ್ದು ಗೆದ್ದಂತೆಯೇ ಇರುತ್ತದೆ ಎಂಬ ಭರವಸೆಯೂ ಇಲ್ಲ. 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ತೀರ್ಪಿನಲ್ಲಿ, ಔಷಧ ಪ್ರತಿನಿಧಿಗಳು ವಿಲ್ಲಿಯಂತೆಯೇ ಹೊರಗೆ ತಿರುಗುವ ಸೇಲ್ಸ್‌ಮನ್‌ಗಳು, ಅವರಿಗೆ ಓವರ್‌ಟೈಮ್ ಇಲ್ಲ ಎಂದಿತು. ನಮ್ಮ 1976ರ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಕರಗಿದೆ. ಕೈಗಾರಿಕಾ ಸಂಬಂಧಗಳ ಸಂಹಿತೆ ನಮ್ಮನ್ನು ಕಾರ್ಮಿಕರ ವ್ಯಾಖ್ಯೆಯೊಳಗೇ ಇಟ್ಟಿರುವುದು ಸಮಾಧಾನ.

ಆ ವ್ಯಾಖ್ಯೆಯ ಹೊರಗೆ ಇಂದು ನಿಂತಿರುವವರು ಬೆಂಗಳೂರಿನ ಊಟದ ಡೆಲಿವರಿ ಹುಡುಗರು, ಕ್ಯಾಬ್ ಚಾಲಕರು. ಅವರು ಹೊವರ್ಡ್‌ನ ಮುಖವನ್ನೂ ಕಾಣರು; ಬೆಳಗ್ಗೆ ಆ್ಯಪ್ ತೆರೆದರೆ ಐಡಿ ಬ್ಲಾಕ್ ಆಗಿರುತ್ತದೆ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಇದನ್ನು ನೋಡಿದೆ. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೊಡಬೇಕು, ಕೇಳುವುದಕ್ಕೊಬ್ಬ ಮನುಷ್ಯ ಇರಬೇಕು, ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಒಳ್ಳೆಯ ಕಾಯ್ದೆ. ಕನಿಷ್ಠ ಗಳಿಕೆಯ ಖಾತ್ರಿ ಮಾತ್ರ ಅದರಲ್ಲಿಲ್ಲ, ಅದನ್ನು ಸೇರಿಸಲೇಬೇಕು.

ಕಾರ್ಮಿಕ ಸಚಿವರಲ್ಲಿ ನನ್ನ ವಿನಂತಿ ಇಷ್ಟು: ಐಡಿ ಬ್ಲಾಕ್ ಆದ ಹುಡುಗನ ದೂರನ್ನು ಕೈಯಲ್ಲಿ ತೆಗೆದುಕೊಳ್ಳುವ ಅಧಿಕಾರಿಯೊಬ್ಬರು ಬೆಂಗಳೂರಿನಲ್ಲಿ ಮಾತ್ರವಲ್ಲ, ದಾವಣಗೆರೆಯ ಕಾರ್ಮಿಕ ಕಚೇರಿಯಲ್ಲೂ ಕೂರಲಿ.